ಮುಂದಿನ ಸೀಟು

ಶಿರಾಳಕೊಪ್ಪದ ಗೊಬ್ಬರದಂಗಡಿ ನಾಗರಾಜಪ್ಪನವರು ನೇಪಾಳಕ್ಕೆ ಹೋದದ್ದು ನೇಪಾಳ ನೋಡುವ ಆಸೆಯಿಂದಲ್ಲ. ಸೊರಬದ ಬೀಗರ ಮನೆಯಲ್ಲಿ ಒಂದು ಮಧ್ಯಾಹ್ನ ಮಾತು ಖಾಲಿಯಾಯಿತು, ಅದಕ್ಕೆ.

ಮಗಳು ದೀಪಶ್ರೀಯ ಮದುವೆಯಾಗಿ ಕೆಲವು ತಿಂಗಳಾಗಿದ್ದವು. ಹೆಂಡತಿ ನೀಲಾಂಬಿಕೆಯನ್ನು ಕರೆದುಕೊಂಡು ಬೀಗರ ಮನೆಗೆ ಊಟಕ್ಕೆ ಹೋಗಿದ್ದರು. ಹೋಳಿಗೆ ಊಟವಾಯಿತು, ಎಲೆ ಅಡಿಕೆ ಆಯಿತು. ಮಳೆಯ ಬಗ್ಗೆ ಮಾತಾಡಿದರು, ಶುಂಠಿ ರೇಟಿನ ಬಗ್ಗೆ ಮಾತಾಡಿದರು, ಶಿರಾಳಕೊಪ್ಪದಿಂದ ಸೊರಬಕ್ಕೆ ಬರುವ ರಸ್ತೆಯ ಗುಂಡಿಗಳ ಬಗ್ಗೆ ಒಂದೊಂದಾಗಿ ಮಾತಾಡಿದರು. ಗುಂಡಿಗಳೂ ಮುಗಿದವು. ಆಮೇಲೆ ಬೀಗರಾದ ಸಂಗಮೇಶಪ್ಪನವರು ಫ್ಯಾನು ನೋಡಿದರು, ನಾಗರಾಜಪ್ಪನವರು ಗೋಡೆ ನೋಡಿದರು. ಗೋಡೆಯ ಮೇಲೆ ಯಾವುದೋ ಬೀಜದ ಕಂಪನಿಯ ಕ್ಯಾಲೆಂಡರು. ಅದರಲ್ಲಿ ಒಂದು ಹಿಮದ ಬೆಟ್ಟ.

"ಏನ್ ಬೆಟ್ಟರೀ ಅದು! ಸಾಯೋದ್ರೊಳಗೆ ಇಂಥವನ್ನ ಒಂದ್ಸಲ ಕಣ್ತುಂಬ ನೋಡ್ಬೇಕು ನೋಡ್ರಿ," ಎಂದರು ನಾಗರಾಜಪ್ಪ.

ಇದನ್ನು ಹೇಳಿದ ಮನುಷ್ಯ ಸಾಗರದ ಕಡೆ ಬಸ್ಸು ಎರಡು ತಿರುವು ತಿರುಗಿದರೆ ಸಾಕು, ಜೇಬಿನಿಂದ ನಿಂಬೆಹಣ್ಣು ತೆಗೆದು ಮೂಸುವವರು. ಮೂರನೆಯ ತಿರುವಿಗೆ ಕಿಟಕಿಯ ಪಕ್ಕದವರನ್ನು ಎಬ್ಬಿಸುವವರು. ಆದರೆ ಬೀಗರ ಮನೆಯಲ್ಲಿ ಸುಮ್ಮನೆ ಕೂರುವುದಕ್ಕಿಂತ ಒಂದು ಸುಳ್ಳು ಹೇಳುವುದು ಮರ್ಯಾದೆ.

ಸಂಗಮೇಶಪ್ಪನವರೂ ಮರ್ಯಾದಸ್ಥರೇ. "ಅದಕ್ಕೇನು ಬೀಗ್ರೆ, ಹೋಗನ! ನಂಗೂ ಬೆಟ್ಟ ಅಂದ್ರೆ ಪ್ರಾಣ. ಮಲೆನಾಡಲ್ಲಿ ಹುಟ್ಟಿದೋರು ಮಾರಾಯ್ರೆ ನಾವು, ಘಾಟಿ ಅಂದ್ರೆ ಮನೆ ಅಂಗಳ ಇದ್ದಂಗೆ," ಎಂದುಬಿಟ್ಟರು. ಹಿಂದಿನ ವರ್ಷ ಕೊಲ್ಲೂರಿಗೆ ಹೋಗುವಾಗ ಈ ಅಂಗಳವನ್ನು ಅವರು ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಇಳಿದಿದ್ದರು. ಪ್ರಪಾತ ಕಂಡರೆ ಅವರು ಪಕ್ಕದವರ ತೋಳು ಹಿಡಿದು ಕಣ್ಣು ಮುಚ್ಚುವವರು.

ಇಬ್ಬರೂ ಆ ಮಾತನ್ನು ಅಲ್ಲೇ ಮರೆತರು. ಹೆಂಡತಿಯರು ಮರೆಯಲಿಲ್ಲ. ಸಂಗಮೇಶಪ್ಪನವರ ಹೆಂಡತಿ ಬಸವಣ್ಣೆಮ್ಮ ವಾರ ಕಳೆಯುವುದರೊಳಗೆ ಶಿವಮೊಗ್ಗದಲ್ಲಿ ಒಬ್ಬ ಟೂರಿನವನನ್ನು ಹುಡುಕಿದರು. ನೀಲಾಂಬಿಕೆ ಎರಡು ಸ್ವೆಟರು ಕೊಂಡರು. ಬೇಡವೆಂದರೆ ಬೀಗರಿಗೆ ಬೇಸರವಾದೀತೆಂದು ನಾಗರಾಜಪ್ಪ ಬಾಯಿ ಮುಚ್ಚಿಕೊಂಡರು. ಅಷ್ಟು ಆಸೆಪಟ್ಟವರ ಆಸೆಗೆ ಕಲ್ಲು ಹಾಕಬಾರದೆಂದು ಸಂಗಮೇಶಪ್ಪ ಬಾಯಿ ಮುಚ್ಚಿಕೊಂಡರು. ಹೀಗೆ ಬೆಟ್ಟವೆಂದರೆ ಆಗದ ಇಬ್ಬರು ಒಬ್ಬರನ್ನೊಬ್ಬರು ಮೆಚ್ಚಿಸಲು ಹಿಮಾಲಯಕ್ಕೆ ಹೊರಟರು.

ಗೋರಖಪುರದವರೆಗೆ ರೈಲು. ಅಲ್ಲಿಂದ ಗಡಿ ದಾಟಿ, ಟೂರಿನವನು ಗೊತ್ತುಮಾಡಿದ್ದ ಒಂದು ಹಳೆಯ ಜೀಪು ಹತ್ತಿದರು. ಡ್ರೈವರಿನ ಪಕ್ಕ ಒಂದು ಸೀಟು, ಹಿಂದೆ ಮೂರು ಜನ ಕೂರುವ ಒಂದು ಸಾಲು, ಅದರ ಹಿಂದೆ ಸಾಮಾನು. ಜೀಪು ಮಾಡಿದವನಿಗೆ ಬೀಗತನದ ಕಷ್ಟ ಗೊತ್ತಿರಲಿಲ್ಲ. ಮುಂದಿನ ಸೀಟು ಸಿಕ್ಕವರಿಗೆ ರಸ್ತೆ ನೆಟ್ಟಗೆ ಕಾಣುತ್ತದೆ, ಹೊಟ್ಟೆ ತಕ್ಕಮಟ್ಟಿಗೆ ತನ್ನ ಜಾಗದಲ್ಲಿರುತ್ತದೆ. ಸಿಗದವರು ಹಿಂದೆ ಕಿಟಕಿಗೆ ಒತ್ತಿಕೊಂಡು ಪ್ರಪಾತ ನೋಡುತ್ತಾ ಹೋಗಬೇಕು. ನಡುವೆ ಕೂರೋಣವೆಂದರೆ ಇಬ್ಬರು ಹೆಂಗಸರ ಮಧ್ಯೆ, ಅದರಲ್ಲೂ ಒಬ್ಬರು ಬೀಗತಿ. ಅದು ಯಾವ ಶಾಸ್ತ್ರದಲ್ಲೂ ಇಲ್ಲ.

"ಮುಂದೆ ಕುಂತ್ಕಳ್ರಿ ಬೀಗ್ರೆ, ಬೆಟ್ಟ ಚೆನ್ನಾಗಿ ಕಾಣ್ತಾವೆ," ಎಂದರು ನಾಗರಾಜಪ್ಪ.

"ಛೆ, ಛೆ! ನೀವ್ ಕೂತ್ಕಳಿ. ನೋಡ್ಬೇಕು ಅಂತ ಆಸೆಪಟ್ಟೋರು ನೀವು."

"ಬೆಟ್ಟ ಅಂದ್ರೆ ಪ್ರಾಣ ಅಂದೋರು ನೀವಲ್ರೀ?"

"ಪ್ರಾಣ ಹೌದು. ಆದ್ರೂ ನೀವು."

"ಇಲ್ಲಿಲ್ಲ, ನೀವು."

ಇಬ್ಬರೂ ಒಂದೇ ಬಾಗಿಲು ಹಿಡಿದುಕೊಂಡು ಒಬ್ಬರನ್ನೊಬ್ಬರು ಒಳಗೆ ತಳ್ಳುತ್ತಿದ್ದರು. ಕನ್ನಡ ಬಾರದ ಡ್ರೈವರು ಇವರಿಬ್ಬರಿಗೂ ತನ್ನ ಪಕ್ಕ ಕೂರಲು ಹೆದರಿಕೆಯೆಂದು ತಿಳಿದು, ಬೇಜಾರಿನಿಂದ ಹಾರ್ನು ಒತ್ತಿದ. ಕೊನೆಗೆ ಮೊದಲ ದಿನ ನಾಗರಾಜಪ್ಪ, ಎರಡನೆಯ ದಿನ ಸಂಗಮೇಶಪ್ಪ ಮುಂದೆ ಕೂತರು. ಹಿಂದೆ ಕೂತವರು ಆಯಾ ದಿನ ಪ್ಲಾಸ್ಟಿಕ್ ಕವರು ಹಿಡಿದುಕೊಂಡು ಮೌನವಾಗಿ ಪ್ರಕೃತಿಯನ್ನು ಸವಿದರು. ಕೇಳಿದರೆ "ಬೆಳಿಗ್ಗೆ ತಿಂದ ಪೂರಿ ಎಣ್ಣೆ ಸರಿ ಇರ್ಲಿಲ್ಲ" ಎಂದರು.

ಆ ದೇಶದಲ್ಲಿ ನೆಟ್ಟಗಿನ ರಸ್ತೆಯೆಂಬುದೇ ಇರಲಿಲ್ಲ. ಎದುರಿಗೆ ಕಾಣುವ ಊರಿಗೆ ಹೋಗಬೇಕೆಂದರೆ ಮೊದಲು ಹಿಂದಕ್ಕೆ ಹೋಗಬೇಕು, ಆಮೇಲೆ ಕೆಳಕ್ಕೆ, ಆಮೇಲೆ ಮತ್ತೆ ಅಲ್ಲಿಗೇ. ಇಳಿದಲ್ಲೆಲ್ಲ ಮೆಟ್ಟಿಲು. ದೇವರೂ ಮೆಟ್ಟಿಲ ಮೇಲೆ, ಹೋಟೆಲಿನ ಕೋಣೆಯೂ ಮೆಟ್ಟಿಲ ಮೇಲೆ, ಕಕ್ಕಸು ಇನ್ನೂ ನಾಲ್ಕು ಮೆಟ್ಟಿಲು ಮೇಲೆ. ಬೆಟ್ಟ ಕಾಣುವ ಜಾಗವೆಂದು ಕರೆದೊಯ್ದ ಕಡೆಯಲ್ಲೆಲ್ಲ ಮೋಡ ಕಂಡಿತು. ನಾಗರಾಜಪ್ಪನವರಿಗೆ ರೂಮಿಗೆ ಹೋಗಿ ಮಲಗಿದರೆ ಸಾಕಿತ್ತು, ಆದರೆ ಬೀಗರಿಗೆ ನೋಡಬೇಕೇನೋ ಎಂದು ಚಳಿಯಲ್ಲಿ ನಿಂತರು. ಬೀಗರು ಇವರಿಗೆ ನೋಡಬೇಕೇನೋ ಎಂದು ನಿಂತರು. ಹೆಂಗಸರು ಬಿಸಿ ಬಿಸಿ ಚಹಾ ಕುಡಿದು, ಅಂಗಡಿ ತಿರುಗಿ, ಶಾಲು ಕೊಂಡು ಬಂದಾಗಲೂ ಗಂಡಸರಿಬ್ಬರೂ ಮೋಡಕ್ಕೆ ಮುಖ ಮಾಡಿ ನಿಂತೇ ಇದ್ದರು.

"ಎಷ್ಟು ಆಸಕ್ತಿ ನೋಡ್ರಿ ಇವರಿಗೆ," ಎಂದರು ನೀಲಾಂಬಿಕೆ.

ಅನಾಹುತ ಆದದ್ದು ಮೂರನೆಯ ದಿನ. ನಾಗರಾಜಪ್ಪನವರು ಬೆಳಿಗ್ಗೆ ಎದ್ದಾಗ ತಲೆಯೊಳಗೆ ಜೀಪು ಇನ್ನೂ ತಿರುಗುತ್ತಿತ್ತು. ಅವರು ಹೋಟೆಲಿನ ಮೆಟ್ಟಿಲಿಳಿದು ನೇರ ಹೋದವರೇ, ಉಪಚಾರದ ಮಾತು ಆಡದೆ, "ನೀವು" ಎನ್ನದೆ, ಮುಂದಿನ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿದರು. ಸಂಗಮೇಶಪ್ಪ ಬಾಗಿಲ ಬಳಿ ಬಂದು ನಿಂತರು. ಒಂದು ಕ್ಷಣ ಕಾದರು. ಹಿಂದೆ ಹೋಗಿ ಕಿಟಕಿಯ ಪಕ್ಕ ಕೂತರು. ಅವತ್ತಿಡೀ ಅವರು ಬೀಗರ ಜೊತೆ ಮಾತಾಡಲಿಲ್ಲ. ವಾಂತಿಯ ಕವರನ್ನು ಕೂಡ ತಾವೇ ಇಳಿದು ಎಸೆದರು.

ಒಂದು ಗುಡ್ಡದ ಚಹಾದಂಗಡಿಯ ಹತ್ತಿರ ಫೋನಿಗೆ ಸಿಗ್ನಲ್ ಸಿಕ್ಕಿತು. ನೀಲಾಂಬಿಕೆ ಕ್ಷೇಮ ಸಮಾಚಾರ ತಿಳಿಸಲು ಊರಿಗೆ, ನಾಗರಾಜಪ್ಪನವರ ಅಣ್ಣ ಪುಟ್ಟಪ್ಪನವರಿಗೆ ಫೋನು ಮಾಡಿದರು. ಪುಟ್ಟಪ್ಪನವರಿಗೆ ಎಡಗಿವಿ ಮಂದ. ಫೋನು ಹಿಡಿಯುವುದು ಮಾತ್ರ ಎಡಗಿವಿಗೇ.

"ಎಲ್ಲಾ ಆರಾಮಿದ್ದೀವಿ ಭಾವಾರೆ. ಇವರಿಗೂ ಬೀಗ್ರಿಗೂ ಒಂಚೂರು ಮುನಿಸು, ಅಷ್ಟೆ. ಸೀಟಿನ ಸಲುವಾಗಿ."

"ಯಾತರ ಸಲುವಾಗಿ?"

"ಸೀಟು! ಸೀಟು!"

"ಸೈಟಾ?"

ಅಷ್ಟರಲ್ಲಿ ಸಿಗ್ನಲ್ ಹೋಯಿತು.

ಪುಟ್ಟಪ್ಪನವರು ಫೋನು ಕೆಳಗಿಟ್ಟು ಪಂಚೆ ಮೇಲಕ್ಕೆ ಕಟ್ಟಿ ಬೀದಿಗೆ ಬಂದರು. ಗೊಬ್ಬರದಂಗಡಿಯ ಪಕ್ಕದ ಹೋಟೆಲಿನಲ್ಲಿ ಮೆಣಸಿನಕಾಯಿ ಬೋಂಡಾ ತಿನ್ನುತ್ತಿದ್ದವರೆಲ್ಲ ತಿರುಗಿ ನೋಡಿದರು.

"ಬೀಗ್ರು ನನ್ ತಮ್ಮನ್ನ ನೇಪಾಳಕ್ಕೆ ಕರ್ಕಂಡು ಹೋಗಿ ಸೈಟು ಕೇಳ್ಯಾರಂತೆ!"

"ಅದಕ್ಕೇ ಅಷ್ಟು ದೂರ ಕರ್ಕಂಡು ಹೋಗಿರೋದು," ಎಂದರೊಬ್ಬರು. "ಊರಾಗೆ ಕೇಳಿದ್ರೆ ನಾವಿರ್ತಿದ್ವಲ್ಲ."

"ಬೆಟ್ಟದ ತುದಿಗೆ ನಿಲ್ಸಿ ಕೇಳಿರ್ತಾರೆ. ಇಲ್ಲ ಅನ್ನೋಕೆ ಧೈರ್ಯ ಬರ್ತೈತೇನ್ರಿ ಅಲ್ಲಿ?"

"ಸಹಿ ಹಾಕ್ಸಿಕಂಡಿದ್ರೆ ಏನ್ ಗತಿ?"

ಇದಕ್ಕೆ ಉತ್ತರ ಹೇಳಲು ಶಿಕಾರಿಪುರದ ತಾಲ್ಲೂಕು ಕಚೇರಿಯ ಎದುರು ಕೂರುವ ಪತ್ರ ಬರೆಯುವವರೊಬ್ಬರಿಗೆ ಫೋನು ಹೋಯಿತು. ಅವರು ಕನ್ನಡಕ ಹಾಕಿಕೊಂಡು ಯೋಚಿಸಿ, ಪರದೇಶದಲ್ಲಿ ಹಾಕಿದ ಸಹಿ ಇಲ್ಲಿ ನಡೆಯುವುದಿಲ್ಲ, ಆದರೆ ಹೆಬ್ಬೆಟ್ಟು ಒತ್ತಿದ್ದರೆ ಹೇಳಲಾಗುವುದಿಲ್ಲ ಎಂದರು. ಹೆಬ್ಬೆಟ್ಟು ಎಂದ ಕೂಡಲೇ ಎಲ್ಲರಿಗೂ ಭಯವಾಯಿತು. ನಾಗರಾಜಪ್ಪನವರಿಗೆ ಸಹಿ ಮಾಡಲು ಬರುತ್ತದೆ ಎಂಬುದು ಯಾರಿಗೂ ನೆನಪಾಗಲಿಲ್ಲ.

ಸಂಜೆಯೊಳಗೆ ಪುಟ್ಟಪ್ಪನವರು ಊರ ಹಿರಿಯರನ್ನು ಒಂದು ಓಮ್ನಿಯಲ್ಲಿ ತುಂಬಿಕೊಂಡು ಸೊರಬಕ್ಕೆ ಬಂದಿಳಿದರು. ಮನೆಯಲ್ಲಿ ಹಿರಿಯರೆಂದು ಇದ್ದವರು ಸಂಗಮೇಶಪ್ಪನವರ ತಮ್ಮ ಚೌಡೇಶ್, ಸರ್ವೆ ಇಲಾಖೆಯಿಂದ ನಿವೃತ್ತರಾದವರು.

"ನಿಮ್ಮಣ್ಣ ಸೈಟು ಕೇಳ್ಯಾರಂತೆ!" ಎಂದರು ಪುಟ್ಟಪ್ಪ, ಚಪ್ಪಲಿ ಬಿಡುವ ಮೊದಲೇ.

ಚೌಡೇಶರಿಗೆ ಈ ವಿಷಯ ಗೊತ್ತಿರಲಿಲ್ಲ. ಆದರೆ ಜೀವಮಾನವೆಲ್ಲ ಸರಪಳಿ ಎಳೆದು ಜಮೀನು ಅಳೆದವರು ಒಂದು ಸೈಟಿನ ವಿಷಯ ತಮಗೆ ಗೊತ್ತಿಲ್ಲವೆಂದು ಒಪ್ಪಿಕೊಳ್ಳುವುದು ಹೇಗೆ?

"ಕೇಳಿರ್ಬೋದು. ಕೇಳಿದ್ರಲ್ಲಿ ತಪ್ಪೆಂತದು?" ಎಂದರು. "ಅಳತೆ ಎಷ್ಟಂತೆ?"

"ನೋಡ್ರಪ್ಪ, ಅಳತೆ ಕೇಳ್ತಾನೆ!" ಪುಟ್ಟಪ್ಪನವರು ಹಿರಿಯರ ಕಡೆ ತಿರುಗಿದರು. "ದೀಪಾ, ಬ್ಯಾಗು ತುಂಬ್ಕಮ್ಮ. ಹೋಗಾಣ ನಡಿ ಊರಿಗೆ."

ದೀಪಶ್ರೀ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಗಂಡ ಇನ್ನೂ ಕೆಲಸದಿಂದ ಬಂದಿರಲಿಲ್ಲ. "ಅಪ್ಪಾಜಿ ಬರ್ಲಿ ದೊಡ್ಡಪ್ಪ. ಅವರನ್ನೇ ಕೇಳಾಣ. ಅಲ್ಲೀವರೆಗೆ ನಾನು ಎಲ್ಲಿಗೂ ಬರಲ್ಲ," ಎಂದಳು.

ಎರಡು ಕಡೆಯವರೂ ಅವಳನ್ನು ಒಂದೇ ಕನಿಕರದಿಂದ ನೋಡಿದರು, ಚಹಾ ಕುಡಿದರು, ಮತ್ತೆ ಜಗಳ ಶುರುಮಾಡಿದರು. ಅವಳು ಒಳಗೆ ಹೋಗಿ ಅಪ್ಪನಿಗೆ, ಅಮ್ಮನಿಗೆ, ಮಾವನಿಗೆ, ಅತ್ತೆಗೆ ಒಬ್ಬೊಬ್ಬರಿಗೆ ಫೋನು ಮಾಡಿದಳು. ಯಾರಿಗೂ ಹೋಗಲಿಲ್ಲ. ಬೆಳಿಗ್ಗೆಯವರೆಗೆ ತನ್ನದೆಂದುಕೊಂಡಿದ್ದ ಅಡಿಗೆಮನೆಯಲ್ಲಿ ಈಗ ಸಕ್ಕರೆ ಡಬ್ಬಿ ತೆಗೆಯಲೂ ಅವಳಿಗೆ ಸಂಕೋಚವಾಯಿತು.

ಮರುದಿನ ಜೀಪು ಎಲ್ಲೋ ಮೇಲಕ್ಕೆ ಹತ್ತಿದಾಗ ಸಿಗ್ನಲ್ ಮತ್ತೆ ಬಂತು. ಮೊದಲು ನಾಗರಾಜಪ್ಪನವರ ಫೋನು ಬಡಿದುಕೊಂಡಿತು. ಅಂದೂ ಅವರು ಮುಂದೆಯೇ ಕೂತಿದ್ದರು. ಹೇಗೂ ಮರ್ಯಾದೆ ಹೋಗಿದೆ, ಹೊಟ್ಟೆಯಾದರೂ ಉಳಿಯಲಿ ಎಂದು.

"ತಮ್ಮಾ, ಎಲ್ಲಾ ಗೊತ್ತಾತು," ಎಂದು ಪುಟ್ಟಪ್ಪ ಕೂಗಿದರು. "ಯಾವ ಕಾರಣಕ್ಕೂ ಬಿಟ್ಟುಕೊಡಬ್ಯಾಡ!"

"ಅಲ್ಲಣ್ಣಾ, ಬೀಗ್ರು ಬೇಜಾರು ಮಾಡ್ಕಂಡಾರೆ."

"ಮಾಡ್ಕಳ್ಲಿ! ನಾಳೆ ಮೊಮ್ಮಕ್ಕಳಿಗೆ ಬೇಕಾಗ್ತೈತೆ ಅದು!"

ಮೊಮ್ಮಕ್ಕಳಿಗೆ ಈ ಸೀಟು ಯಾಕೆ ಬೇಕಾಗುತ್ತದೆಂದು ನಾಗರಾಜಪ್ಪನವರಿಗೆ ತಿಳಿಯಲಿಲ್ಲ. ಸುತ್ತಲೂ ಗಾಳಿ ಬೀಸುತ್ತಿತ್ತು.

"ಬೇಲಿ ಹಾಕ್ಕಂಡು ಗಟ್ಟಿಯಾಗಿ ಕುಂದ್ರು!"

"ಬೆಲ್ಟಾ?"

"ಹೂಂ, ಬೇಲಿ! ಈಗಿಂದೀಗ್ಲೇ ಹಾಕ್ಕ!"

ಅಣ್ಣನ ಮಾತನ್ನು ನಾಗರಾಜಪ್ಪ ಯಾವತ್ತೂ ಮೀರಿದವರಲ್ಲ. ಪಕ್ಕದಲ್ಲಿ ನೇತಾಡುತ್ತಿದ್ದ ಬೆಲ್ಟು ಎಳೆದು ಖಟ್ ಎಂದು ಹಾಕಿಕೊಂಡರು. ಆ ಖಟ್ ಸದ್ದು ಹಿಂದೆ ಕೂತ ಸಂಗಮೇಶಪ್ಪನವರ ಎದೆಗೆ ನಾಟಿತು. ಇನ್ನು ಈ ಮನುಷ್ಯ ಏಳುವುದಿಲ್ಲ ಎಂದುಕೊಂಡರು. ಅಷ್ಟರಲ್ಲಿ ಅವರ ಫೋನೂ ಹೊಡೆದುಕೊಂಡಿತು.

"ಅಣ್ಣಾ, ಬಾಯಿಬಿಟ್ಟು ಕೇಳಿದ್ದು ಒಳ್ಳೇದಾಯ್ತು," ಎಂದರು ಚೌಡೇಶ್. "ಹಿಂದಿಂದು ಕೊಟ್ರೆ ಮಾತ್ರ ಒಪ್ಪಬೇಡ."

"ಹಿಂದಿಂದೇ ಕೊಟ್ಟಿರೋದು ಮಾರಾಯ," ಎಂದರು ಸಂಗಮೇಶಪ್ಪ, ಕವರಿನಿಂದ ಮುಖ ಎತ್ತಿ, ಮೆಲ್ಲಗೆ.

"ಥತ್! ಮೂಲೇದಾದ್ರೂ ಹೌದಾ?"

"ಮೂಲೇದೇ. ಪಕ್ಕದಲ್ಲೇ ಪ್ರಪಾತ."

"ಪ್ರಪಾತಾನಾ! ಅಗಲ ಎಷ್ಟದೆ?"

"ಅಗಲ ಎಂತದು, ಕಾಲು ಚಾಚಕ್ಕೂ ಜಾಗ ಇಲ್ಲ."

ಫೋನು ಕಡಿಯಿತು. ಶಿರಾಳಕೊಪ್ಪದವರು ಕಾಲು ಚಾಚಲೂ ಆಗದ, ಪ್ರಪಾತದ ಅಂಚಿನ ಸೈಟೊಂದನ್ನು ಸಂಗಮೇಶಪ್ಪನವರ ತಲೆಗೆ ಕಟ್ಟುತ್ತಿದ್ದಾರೆ ಎಂಬ ಸುದ್ದಿ ಅರ್ಧ ಗಂಟೆಯೊಳಗೆ ಸೊರಬದ ಬಸ್‌ಸ್ಟ್ಯಾಂಡಿಗೆ ಮುಟ್ಟಿತು. ಚೌಡೇಶರು ಹಳೆಯ ಅಳತೆ ಟೇಪು ಹುಡುಕಿ, ಧೂಳು ಒರೆಸಿ, ನೆಂಟರನ್ನೆಲ್ಲ ಸೇರಿಸಿದರು.

ಅದೇ ಮಧ್ಯಾಹ್ನ ಬೆಟ್ಟದಲ್ಲಿ ಮಳೆಯಾಗಿ ಗುಡ್ಡ ಜರಿಯಿತು. ರಸ್ತೆಯ ಒಂದು ತುಂಡು ಹಾಗೇ ಕೆಳಗಿನ ಹೊಳೆಗೆ ಹೋಯಿತು. ಅದೃಷ್ಟಕ್ಕೆ ಆ ತುಂಡಿನ ಮೇಲೆ ಯಾರೂ ಇರಲಿಲ್ಲ. ವಾಹನಗಳು ಸಾಲುಗಟ್ಟಿ ನಿಂತವು. ಡ್ರೈವರು ಕಂಬಳಿ ಹೊದ್ದು ಮಲಗಿದ. ಎಷ್ಟೋ ಹೊತ್ತಿನ ಮೇಲೆ ಒಬ್ಬ ಪೊಲೀಸು ಬಂದು, ನಡೆಯುವ ಶಕ್ತಿ ಇದ್ದವರು ಕಾಲುದಾರಿಯಲ್ಲಿ ಆಚೆಗೆ ದಾಟಬಹುದು, ಅಲ್ಲಿ ಬಸ್ಸು ಸಿಗುತ್ತದೆ ಎಂದು ಕೈಸನ್ನೆಯಲ್ಲಿ ತಿಳಿಸಿದ.

ನೀಲಾಂಬಿಕೆಯೂ ಬಸವಣ್ಣೆಮ್ಮನೂ ಸೀರೆಯ ನೆರಿಗೆ ಎತ್ತಿ ಕಟ್ಟಿ, ಬ್ಯಾಗು ಹೆಗಲಿಗೇರಿಸಿ, ಮಾತಾಡಿಕೊಳ್ಳುತ್ತಾ ದಾಟಿಯೇಬಿಟ್ಟರು. ಗಂಡಸರು ಹಿಂದೆ ಬಿದ್ದರು. ದಾರಿ ಒಂದು ಎತ್ತು ನಡೆಯುವಷ್ಟು ಅಗಲ. ಅರ್ಧ ದಾರಿಯಲ್ಲಿ ಸಂಗಮೇಶಪ್ಪ ನಿಂತುಬಿಟ್ಟರು. ಎರಡೂ ಕೈಯಲ್ಲಿ ಗುಡ್ಡವನ್ನು ಅಪ್ಪಿಕೊಂಡರು.

"ಏನಾತ್ರೀ?" ಎಂದರು ನಾಗರಾಜಪ್ಪ. ಎರಡು ದಿನಗಳಲ್ಲಿ ಬೀಗರಿಗೆ ಆಡಿದ ಮೊದಲ ಮಾತು.

"ನನ್ ಕೈಲಿ ಆಗಲ್ಲ ಮಾರಾಯ್ರೆ. ನೀವು ನಡೀರಿ. ನಾನು ಇಲ್ಲೇ ಇರ್ತೀನಿ."

"ಇಲ್ಲಿ ಹೆಂಗ್ ಇರ್ತೀರ್ರೀ? ಕೆಳಗೆ ನೋಡಬ್ಯಾಡ್ರಿ. ನನ್ ಬೆನ್ನು ನೋಡ್ಕಂಡು ಬರ್ರಿ. ನನ್ ಅಂಗಿ ಹಿಡ್ಕಳ್ರಿ."

ಸಂಗಮೇಶಪ್ಪ ಅಂಗಿ ಹಿಡಿದರು. ನಾಲ್ಕು ಹೆಜ್ಜೆ ಹೋದ ಮೇಲೆ ಹಿಂದಿನಿಂದ ಅಳುವಿನಂಥ ದನಿ ಬಂತು.

"ಬೀಗ್ರೆ, ನಂಗೆ ಕೊಲ್ಲೂರು ಘಾಟೀನೇ ಆಗಲ್ಲ."

ನಾಗರಾಜಪ್ಪ ತಿರುಗಲು ಹೋಗಿ, ದಾರಿಯ ಅಗಲ ನೆನಪಾಗಿ, ಮುಂದಕ್ಕೆ ಮುಖ ಮಾಡಿಕೊಂಡೇ ಕೇಳಿದರು: "ಮತ್ತೆ ಅಂಗಳ ಇದ್ದಂಗೆ ಅಂದ್ರಿ?"

"ನೀವು ಆಸೆಪಟ್ರಲ್ಲ, ಅದಕ್ಕೆ ಅಂದೆ."

"ಯಾವನ್ರೀ ಆಸೆಪಟ್ಟಿದ್ದು! ನನಗೆ ಸಾಗರದ ಬಸ್ಸೇ ಆಗಲ್ಲ. ಮಾತಿರ್ಲಿಲ್ಲ, ಗೋಡೆ ಮೇಲೆ ಬೆಟ್ಟ ಇತ್ತು, ಅಂದೆ."

"ಹಂಗಾದ್ರೆ ಮೊನ್ನೆ ಮೋಡದಲ್ಲಿ ಅಷ್ಟೊತ್ತು ನಿಂತಿದ್ದು?"

"ನೀವು ನಿಂತಿದ್ರಲ್ಲ!"

ಇಬ್ಬರಿಗೂ ನಗು ಬಂತು, ಆದರೆ ನಗಲು ಅದು ತಕ್ಕ ಜಾಗವಾಗಿರಲಿಲ್ಲ. ಬಾಯಿ ಬಿಗಿಹಿಡಿದು, ಒಬ್ಬರ ಅಂಗಿ ಒಬ್ಬರು ಹಿಡಿದು, ಪಾದ ನೋಡಿಕೊಂಡು ದಾಟಿದರು. ಆ ಹೊತ್ತಿಗೆ ಮೋಡ ಸರಿದು, ಮೂರು ದಿನಗಳಿಂದ ಕಾಣದಿದ್ದ ಹಿಮದ ಬೆಟ್ಟ ಅವರ ನೆತ್ತಿಯ ಮೇಲೆ ಬೆಳ್ಳಗೆ ಎದ್ದು ನಿಂತಿತ್ತು. ಆಚೆಯಿಂದ ಹೆಂಗಸರು "ಮೇಲೆ ನೋಡ್ರೀ, ಮೇಲೆ!" ಎಂದು ಕೂಗಿದರು. ಇಬ್ಬರೂ ಯಾವ ಕಡೆಗೂ ನೋಡಲಿಲ್ಲ. ದಾಟಿದ ಮೇಲೆ ಒಂದು ಕಲ್ಲಿನ ಮೇಲೆ ಕೂತು ಉಸಿರು ಬಿಟ್ಟು ತಲೆ ಎತ್ತುವಷ್ಟರಲ್ಲಿ ಮತ್ತೆ ಮೋಡ ಮುಚ್ಚಿತ್ತು.

ಬಸ್ಸು ಬಂತು. ಅದರಲ್ಲಿ ಸೀಟೇ ಇರಲಿಲ್ಲ. ಹೆಂಗಸರಿಗೆ ಯಾರೋ ಎದ್ದು ಜಾಗ ಕೊಟ್ಟರು. ಬೀಗರಿಬ್ಬರೂ ಹಿಂಬಾಗಿಲ ಬಳಿ ಅಕ್ಕಿ ಮೂಟೆಗಳ ಮೇಲೆ ಕೂತರು. ಅಲ್ಲಿ ಕಿಟಕಿಯಿಲ್ಲ, ಬೆಟ್ಟವಿಲ್ಲ. ಎದುರಿಗೆ ಜನರ ಮೊಣಕಾಲುಗಳು ಮಾತ್ರ. ನಾಗರಾಜಪ್ಪ ಕೊನೆಯ ನಿಂಬೆಹಣ್ಣು ತೆಗೆದರು. ಒಮ್ಮೆ ಅವರು ಮೂಸಿದರು, ಒಮ್ಮೆ ಬೀಗರಿಗೆ ಕೊಟ್ಟರು. ಪ್ರವಾಸದಲ್ಲಿ ಅವರು ಸುಖವಾಗಿದ್ದದ್ದು ಆ ಒಂದು ಮಧ್ಯಾಹ್ನ.

"ಅಲ್ರೀ, ನಮ್ಮಣ್ಣನಿಗ್ಯಾಕೆ ಈ ಸೀಟಿನ ಮೇಲೆ ಅಷ್ಟು ಕಾಳಜಿ?" ಎಂದರು ನಾಗರಾಜಪ್ಪ. "ಮೊಮ್ಮಕ್ಕಳಿಗೆ ಬೇಕು ಅಂದ."

"ನಮ್ಮ ತಮ್ಮ ಅಗಲ ಎಷ್ಟು ಅಂತ ಕೇಳ್ದ."

ಎಷ್ಟು ಯೋಚಿಸಿದರೂ ಬಗೆಹರಿಯಲಿಲ್ಲ. ಊರಿನವರ ಸಹವಾಸವೇ ಬೇಡವೆಂದು ಇಬ್ಬರೂ ತಮ್ಮ ಫೋನುಗಳನ್ನು ಆರಿಸಿಟ್ಟರು. ಹೆಂಗಸರಿಗೂ ಹಾಗೇ ಮಾಡಲು ಹೇಳಿದರು. ನಾಲ್ವರ ಫೋನೂ ಒಟ್ಟಿಗೆ ಆರಿಹೋದದ್ದನ್ನು ಊರಿನವರು ಹೇಗೆ ಅರ್ಥಮಾಡಿಕೊಂಡರು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಿರಾಳಕೊಪ್ಪದವರು ರಿಜಿಸ್ಟರ್ ಆಗೇಹೋಯಿತು ಎಂದರು. ಸೊರಬದವರು ಪ್ರಪಾತದಲ್ಲೇ ಪಾಯ ತೆಗೆದರು ಎಂದರು.

ರೈಲು, ಮತ್ತೆ ರೈಲು, ಶಿವಮೊಗ್ಗದಿಂದ ಬಸ್ಸು. ಶಿಕಾರಿಪುರ ದಾಟಿ ಶಿರಾಳಕೊಪ್ಪದಲ್ಲಿ ಇಳಿದಾಗ ನಾಗರಾಜಪ್ಪನವರಿಗೆ ನೆಲ ಅಲುಗಾಡದೆ ನಿಂತಿರುವುದೇ ವಿಚಿತ್ರವಾಗಿ ಕಂಡಿತು. ಒಂದು ಗಂಟೆ ದಣಿವಾರಿಸಿಕೊಂಡು ಸೊರಬಕ್ಕೆ ಹೋಗಲಿ ಎಂದು ಬೀಗರನ್ನೂ ಮನೆಗೆ ಕರೆತಂದರು. ಟೂರಿನವನಿಂದ ಬರುವ ದಿನ ತಿಳಿದುಕೊಂಡವರೆಲ್ಲ ಸೇರಿ, ಮನೆಯ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದು ಗೋಡೆಗೆ ಪುಟ್ಟಪ್ಪನವರ ಕಡೆಯವರು, ಎದುರು ಗೋಡೆಗೆ ಚೌಡೇಶರ ಕಡೆಯವರು. ನಡುವೆ ಪತ್ರ ಬರೆಯುವವರು, ಕನ್ನಡಕ ಸಮೇತ. ಸೊರಬದವರ ಜೊತೆ ಬಂದಿದ್ದ ದೀಪಶ್ರೀ ಕಂಬಕ್ಕೆ ಒರಗಿ ನಿಂತಿದ್ದಳು.

"ಹೆದರಬ್ಯಾಡ ತಮ್ಮಾ, ನಾವಿದ್ದೀವಿ," ಎಂದರು ಪುಟ್ಟಪ್ಪ. "ಸೈಟಿನ ವಿಷಯ ಇವತ್ತು ಇತ್ಯರ್ಥ ಮಾಡಾಣ."

"ಯಾವ ಸೈಟು?" ಎಂದರು ನಾಗರಾಜಪ್ಪ.

"ನೋಡಿ, ಈಗ ಯಾವ ಸೈಟು ಅ‍ಂತಾರೆ!" ಎಂದು ಚೌಡೇಶ್ ಟೇಪು ನೆಲಕ್ಕೆ ಕುಕ್ಕಿದರು.

ನೀಲಾಂಬಿಕೆ ಬಾಯಿಗೆ ಕೈಯಿಟ್ಟುಕೊಂಡರು. "ಅಯ್ಯೋ ಭಾವಾರೆ, ನಾ ಹೇಳಿದ್ದು ಸೀಟು! ಜೀಪಿನ ಸೀಟು!"

ಎಲ್ಲರ ಕಣ್ಣೂ ಪುಟ್ಟಪ್ಪನವರ ಎಡಗಿವಿಯ ಕಡೆ ಹೋಯಿತು. ಆಮೇಲೆ ಪುಟ್ಟಪ್ಪನವರು ನಿಧಾನವಾಗಿ ತಲೆ ಅಲ್ಲಾಡಿಸಿದರು. "ಇಷ್ಟು ಜನ ಕೆಲ್ಸ ಬಿಟ್ಟು ಬಂದು ಕುಂತೀವಿ. ಜೀಪಿನ ಸೀಟಿಗೆ ಯಾರಾದ್ರೂ ಜಗಳ ಆಡ್ತಾರೇನಮ್ಮ? ಒಳಗೊಳಗೇ ಏನೋ ಮಾತಾಡ್ಕಂಡು ಬಂದೀರಿ ನೀವು."

"ಹೌದು, ಒಬ್ರ ಹೆಗಲ ಮೇಲೆ ಒಬ್ರು ಕೈ ಹಾಕ್ಕಂಡು ಬಂದ್ರಲ್ಲ, ಆಗ್ಲೇ ನಂಗೆ ಅನುಮಾನ," ಎಂದರು ಚೌಡೇಶ್. ಎರಡು ಕಡೆಯವರೂ ಮೊದಲ ಬಾರಿಗೆ ಒಂದೇ ಅಭಿಪ್ರಾಯಕ್ಕೆ ಬಂದಿದ್ದರು.

ಸಂಗಮೇಶಪ್ಪ ಮಾತಾಡಲು ಬಾಯಿ ತೆರೆದರು. ಮಾತಿಗೆ ಬದಲು ಆಕಳಿಕೆ ಬಂತು. ನಾಗರಾಜಪ್ಪ ಒಳಗಿನಿಂದ ಒಂದು ಚಾಪೆ ತಂದು, ಎರಡು ಕಡೆಯವರ ನಡುವೆ ಖಾಲಿಯಿದ್ದ ಜಾಗದಲ್ಲಿ ಹಾಸಿದರು.

"ಮಲಗ್ರಿ ಬೀಗ್ರೆ," ಎಂದರು.

"ನೀವು?"

"ನಾನೂ."

ಉಪಚಾರ ಅಷ್ಟಕ್ಕೇ ಮುಗಿಯಿತು. ಇಬ್ಬರೂ ಅಕ್ಕಪಕ್ಕ ಮಲಗಿದರು. ಪತ್ರ ಬರೆಯುವವರು ಕಾಲು ಮಡಚಿಕೊಂಡು ಜಾಗ ಬಿಟ್ಟರು. ನೆಟ್ಟಗಿನ ನೆಲದ ಮೇಲೆ ಬೆನ್ನು ಮುಟ್ಟಿದ್ದೇ ತಡ, ಮೊದಲು ಸೊರಬ, ಹಿಂದೆಯೇ ಶಿರಾಳಕೊಪ್ಪ ಗೊರಕೆ ಹೊಡೆಯಲು ಶುರುಮಾಡಿತು.

ದೀಪಶ್ರೀ ಬಂದು ಫ್ಯಾನು ಹಾಕಿದಳು. ಅಪ್ಪನನ್ನೂ ಮಾವನನ್ನೂ ನೋಡಿದಳು. ಮಾವನ ಒಂದು ಕೈ ಅಪ್ಪನ ಅಂಗಿಯ ತುದಿಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಿತ್ತು. ಎಷ್ಟೋ ದಿನಗಳ ಮೇಲೆ ಅವಳ ಮುಖ ಸಡಿಲಾಯಿತು. ಅವಳು ಹಿರಿಯರ ಕಡೆ ತಿರುಗಿದಳು.

"ದೊಡ್ಡಪ್ಪ, ಆ ಸೈಟು ಎಲ್ಲೈತೆ?"

ಪುಟ್ಟಪ್ಪ ಚೌಡೇಶರನ್ನು ನೋಡಿದರು. ಚೌಡೇಶ್ ಪತ್ರ ಬರೆಯುವವರನ್ನು ನೋಡಿದರು. ನಾಗರಾಜಪ್ಪನವರಿಗೆ ಈ ಮನೆ ಬಿಟ್ಟರೆ ಶಿರಾಳಕೊಪ್ಪದಲ್ಲಾಗಲಿ, ಶಿಕಾರಿಪುರದಲ್ಲಾಗಲಿ, ಸೊರಬದಲ್ಲಾಗಲಿ ಅಂಗೈ ಅಗಲದ ಸೈಟೂ ಇರಲಿಲ್ಲ. ಅದು ಅಲ್ಲಿ ಕೂತ ಪ್ರತಿಯೊಬ್ಬರಿಗೂ ಮೊದಲಿನಿಂದ ಗೊತ್ತಿತ್ತು.

"ಈಗಿಲ್ಲ, ಒಪ್ದೆ," ಎಂದರು ಪುಟ್ಟಪ್ಪ. "ಆದ್ರೆ ನಾಳೆ ತಗಂಡ ಅಂತ ಇಟ್ಕ. ಆಗ?"

"ಅದು ಮಾತು," ಎಂದರು ಚೌಡೇಶ್, ಟೇಪಿನ ತುದಿ ಎಳೆಯುತ್ತಾ. "ಅಳತೆ ಈಗ್ಲೇ ನಿಗದಿ ಆಗ್ಬೇಕು."

"ಮೆಲ್ಲಗೆ ಮಾತಾಡ್ರಿ, ಮಲಗ್ಯಾರೆ," ಎಂದು ದೀಪಶ್ರೀ ಚಹಾಕ್ಕೆ ನೀರಿಡಲು ಒಳಗೆ ಹೋದಳು.

ಹಿರಿಯರೆಲ್ಲ ಮಲಗಿದ್ದವರ ಮೇಲೆ ಬಾಗಿ, ತಲೆಗೆ ತಲೆ ತಾಗಿಸಿ, ಜಗಳವನ್ನು ಪಿಸುಮಾತಿನಲ್ಲಿ ಮುಂದುವರಿಸಿದರು.